ಕಾಣದ ಪಿಸ್ತೂಲಿನ ಲೈಸೆನ್ಸು

ಡೆಲ್ಬರ್ಟ್: ಕಾಣದ ಹಾಗೆ ಇಟ್ಕೊಳ್ಳೋಕೆ ಲೈಸೆನ್ಸ್ ಇದೆ ಕಣಮ್ಮ. ನಿಂಗೆ ಕಾಣಿಸ್ತಿದೆಯಾ, ಹೇಳು?

ಮಾರ್ಲಿಸ್: ಕಾಣಿಸ್ತಿಲ್ಲ ಮಾಮ. ಆದ್ರೆ ‘ಸೊಂಟದಲ್ಲಿ ಪಿಸ್ತೂಲಿದೆ’ ಅಂತ ನೀವೇ ಡಂಗುರ ಹೊಡೆದ್ರಲ್ಲ!

ಡೆಲ್ಬರ್ಟ್: ನೀನು ಕೇಳ್ದೆ, ನಾನು ಹೇಳ್ದೆ. ಸುಳ್ಳು ಹೇಳೋಕೆ ಲೈಸೆನ್ಸ್ ಕೊಟ್ಟಿಲ್ಲ.

ಒಹಾಯೋದ ಆ ಪುಟ್ಟ ಊರಿನ ಶಾಲೆಯಲ್ಲಿ ಮಾರ್ಲಿಸ್ ಗುಮಾಸ್ತೆ. ಗಾಜಿನ ಕಿಟಕಿಯಾಚೆ ನಿಂತ ಡೆಲ್ಬರ್ಟ್ ಸ್ಟಕಿ ಇಪ್ಪತ್ತಾರು ವರ್ಷ ಇದೇ ಶಾಲೆಯ ಬಸ್ಸು ಓಡಿಸಿದವನು. ಚಿಕ್ಕಂದಿನಲ್ಲಿ ಅವಳನ್ನೂ ಅವನೇ ಕರೆತರುತ್ತಿದ್ದ. ಅಂಥವನನ್ನು ಹೊರಗೆ ನಿಲ್ಲಿಸಿ ಮಾತಾಡಲು ಅವಳಿಗೆ ಸಂಕಟ. ಒಳಗೆ ನಾಟಕ ಶುರುವಾಗಿತ್ತು. ಅವನ ಮೊಮ್ಮಗಳು ಹ್ಯಾಡ್ಲಿ ಅದರಲ್ಲಿ ಕುಂಬಳಕಾಯಿ. ಇರುವುದು ಒಂದೇ ಮಾತು.

ಮಾರ್ಲಿಸ್: ಕಾನೂನು ನಾನು ಬರೆದದ್ದಲ್ಲ. ಲೈಸೆನ್ಸ್ ಇದ್ದೋರು ಕಾರಲ್ಲಿಟ್ಟು ಬೀಗ ಹಾಕ್ಬಹುದು. ಕಟ್ಟಡದೊಳಗೆ ತರೋ ಹಾಗಿಲ್ಲ.

ಡೆಲ್ಬರ್ಟ್: ಹಾಕ್ತೀನಿ. ಆದ್ರೆ ಕಾರಿನ ಕೀ ನನ್ನ ಹೆಂಡ್ತಿ ಟ್ವೈಲಾ ಹತ್ರ ಇದೆ. ಮುಂದಿನ ಸಾಲಲ್ಲಿ ಜಾಗ ಹಿಡೀತೀನಿ ಅಂತ ಅವಳು ಆಗ್ಲೇ ಒಳಗೆ ಓಡಿದಳು. ಬಾಗಿಲು ತೆಗಿ, ಇಸ್ಕೊಂಡು ಬರ್ತೀನಿ.

ಮಾರ್ಲಿಸ್: ಪಿಸ್ತೂಲು ಇಟ್ಟುಬಂದ್ರೆ ತೆಗೀತೀನಿ.

ಡೆಲ್ಬರ್ಟ್: ಕೀ ಸಿಕ್ಕಿದ್ರೆ ಇಟ್ಟುಬರ್ತೀನಿ! ಹೋಗ್ಲಿ, ನಿನ್ನ ಡ್ರಾಯರಲ್ಲಿ ಇಟ್ಕೋ.

ಮಾರ್ಲಿಸ್: ಅಯ್ಯಯ್ಯೋ! ಅಲ್ಲಿ ಮಕ್ಕಳ ಬಿದ್ದ ಹಲ್ಲು ಇಟ್ಟಿರ್ತೀನಿ. ಕೋಟಿನ ಗುಂಡಿ ಮುಟ್ಟಬೇಡಿ! ರಬ್ಬರ್ ಬ್ಯಾಂಡಲ್ಲಿ ಕಾಗದದ ಉಂಡೆ ಹೊಡೆದಿದ್ದಕ್ಕೆ ನನ್ನನ್ನ ವಾರವಿಡೀ ಮುಂದಿನ ಸೀಟಲ್ಲಿ ಕೂರಿಸಿದೋರು ನೀವೇ ತಾನೇ?

ಡೆಲ್ಬರ್ಟ್ ನಗಲು ಹೋದ. ನಗು ಅರ್ಧಕ್ಕೇ ನಿಂತಿತು.

ಡೆಲ್ಬರ್ಟ್: ಆಗ ಕಾಗದದ ಉಂಡೆಗೆ ಹೆದರಿದ್ರೆ ಸಾಕಿತ್ತು ಮಗಳೇ. ಈಗ ಪೇಪರ್ ಬಿಡಿಸಿದ್ರೆ ಯಾವ್ದೋ ಶಾಲೇಲಿ ಗುಂಡು ಹಾರಿದ ಸುದ್ದಿ. ಆ ಮಗು ಇಲ್ಲಿಂದ ಮನೆಗೆ ಬರೋ ತನಕ ಕಿಟಕಿ ಹತ್ರಾನೇ ಕೂತಿರ್ತೀನಿ.

ಮಾರ್ಲಿಸ್ ಫೋನ್ ಎತ್ತಿ, ಟ್ವೈಲಾಳನ್ನು ಕಳಿಸಲು ಹೇಳಿದಳು. ಎರಡು ನಿಮಿಷದಲ್ಲಿ ಟ್ವೈಲಾ ಏದುಸಿರು ಬಿಡುತ್ತ ಬಂದಳು.

ಟ್ವೈಲಾ: ಮೂಲಂಗಿ ಆಯ್ತು, ಬೀನ್ಸ್ ಆಯ್ತು, ಇನ್ನು ಕುಂಬಳಕಾಯಿದೇ ಸರದಿ! ಇಲ್ಲೇನ್ರೀ ಪಂಚಾಯ್ತಿ?

ಮಾರ್ಲಿಸ್: ಪಿಸ್ತೂಲು ತಂದಿದ್ದಾರೆ ಅತ್ತೆ.

ಟ್ವೈಲಾ: ಯಾವ ಪಿಸ್ತೂಲು? ಮನೇಲಿ ಇವರು ಗಡ್ಡ ಕೆರ್ಕೊಳ್ಳೋವಾಗ ನಾನೇ ತೆಗೆದು ಕಬ್ಬಿಣದ ಪೆಟ್ಟಿಗೇಲಿಟ್ಟು ಬೀಗ ಜಡಿದೆ. ಅದರ ಜಾಗದಲ್ಲಿ ಇವರ ಕನ್ನಡಕದ ಡಬ್ಬಿ ತುರುಕಿದೀನಿ. ಕನ್ನಡಕ ಇಲ್ದಿದ್ರೆ ಮೊಮ್ಮಗಳು ಅಂತ ಮೂಲಂಗಿಗೆ ಚಪ್ಪಾಳೆ ತಟ್ಟಿ ಬರ್ತಿದ್ರು!

ಡೆಲ್ಬರ್ಟ್ ಕೋಟಿನೊಳಗೆ ಕೈ ಹಾಕಿದ. ಮಾರ್ಲಿಸ್ ಕಣ್ಣು ಮುಚ್ಚಿಕೊಂಡಳು. ತೆರೆದಾಗ ಅವನ ಅಂಗೈಯಲ್ಲಿ ಕಂದು ಬಣ್ಣದ ಡಬ್ಬಿ.

ಡೆಲ್ಬರ್ಟ್: ಹನ್ನೊಂದು ವರ್ಷದ ಅಭ್ಯಾಸ ನೋಡು... ಭಾರ ಇದೆ ಅಂತಲೇ ಅನ್ನಿಸ್ತಿತ್ತು.

ಟ್ವೈಲಾ: ಅದು ತಲೆ ಭಾರ. ನಡೀರಿ!

ಬಾಗಿಲು ಕಟಕ್ಕನೆ ತೆರೆಯಿತು. ಮಾರ್ಲಿಸ್ ನಗು ತಡೆದುಕೊಂಡು ಸಂದರ್ಶಕರ ಪುಸ್ತಕ ಮುಂದಿಟ್ಟಳು. ಅವನು ಕನ್ನಡಕ ಏರಿಸಿ, ಅವಸರದಲ್ಲಿ ಗೀಚಿ, ಹೆಂಡತಿಯ ಹಿಂದೆ ಓಡಿದ.

ಮಾರ್ಲಿಸ್ ಪುಸ್ತಕ ತಿರುಗಿಸಿ ನೋಡಿದಳು. ‘ನಿಮ್ಮ ಬಳಿ ಆಯುಧವಿದೆಯೇ?’ ಎಂಬುದರ ಎದುರು ಅವನು ಬರೆದಿದ್ದ:

‘ಹೆಂಡತಿಯನ್ನು ಕೇಳಿ.’