ಎರಡೇ ಅವಧಿಯ ಭಾವ

ಅಮೆರಿಕದ ಸಂವಿಧಾನವನ್ನು ಚಾಚೂ ತಪ್ಪದೆ ಪಾಲಿಸುವವರು ಈ ಭೂಮಿಯ ಮೇಲೆ ಒಬ್ಬರೇ ಇದ್ದಾರೆ. ಅವರು ಅಮೆರಿಕದ ಮುಖವನ್ನೇ ನೋಡಿಲ್ಲ! ಅವರೇ ನಮ್ಮ ಭಾವ. ಊರು ಧಾರವಾಡ, ಈಗ ಮೆಲ್ಬರ್ನಿನ ಪಾಯಿಂಟ್ ಕುಕ್. ಅಮೆರಿಕದಲ್ಲಿ ಅಧ್ಯಕ್ಷನಾದವನು ಎರಡು ಅವಧಿ ಮುಗಿಸಿದರೆ ಮನೆಗೆ ಹೋಗಬೇಕು ಅಂತ ಒಂದು ನಿಯಮ ಇದೆಯಲ್ಲ, ಅದನ್ನು ಎಲ್ಲೋ ಓದಿದ ದಿನದಿಂದ ಭಾವನಿಗೆ ಸಕಲ ರೋಗಕ್ಕೂ ಅದೇ ಕಷಾಯ.

ನಗುವವರು ನಗಲಿ. ಕಳೆದ ತಿಂಗಳು ಅಮ್ಮನನ್ನು ಕರೆತರಲು ಸಿಡ್ನಿಯಿಂದ ಹೊರಟಾಗ ನನಗಂತೂ ನಗು ಬರಲಿಲ್ಲ. ಅಪ್ಪ ಹೋದ ಮೇಲೆ ಅಮ್ಮ ಆರು ತಿಂಗಳು ಹ್ಯಾರಿಸ್ ಪಾರ್ಕಿನ ನನ್ನ ಫ್ಲ್ಯಾಟಿನಲ್ಲಿ, ಆರು ತಿಂಗಳು ಅಕ್ಕನ ಮನೆಯಲ್ಲಿ. ಅಕ್ಕನ ಮನೆಯ ಎರಡನೇ ಸರದಿ ಮುಗಿದಿತ್ತು. ಅಂದರೆ ಭಾವನ ಕಾನೂನಿನ ಪ್ರಕಾರ ಅಮ್ಮ ಇನ್ನು ಅಲ್ಲಿಗೆ ಕಾಲಿಡುವ ಹಾಗಿಲ್ಲ. ಅಮ್ಮನಿಗೋ ಅಲ್ಲೇ ಇದ್ದುಬಿಡುವ ಆಸೆ. ಅಲ್ಲಿ ಸಂಜೆ ವಾಕಿಂಗಿಗೆ ಕನ್ನಡದ ಆಂಟಿಯರ ದಂಡೇ ಸಿಗುತ್ತದೆ. ಇಲ್ಲಿ ನಾನು ಮ್ಯಾಕ್ವೆರಿ ಪಾರ್ಕಿನ ಆಫೀಸಿಗೆ ಹೋದರೆ ಅವಳಿಗೆ ಗೋಡೆಗಳೇ ಗತಿ. ಹಾಗಂತ ಅಳಿಯನ ಮನೆಯಲ್ಲಿ ಬಾಯಿಬಿಟ್ಟು ಕೇಳುವ ಪೈಕಿಯೇ ನಮ್ಮಮ್ಮ? ಕೇಳಲು ಅಕ್ಕನಿಗೂ ಭಯ. ಭಾವನ ಪೂರ್ವಚರಿತ್ರೆ ಹಾಗಿದೆ.

ಅವರ ಸಬರ್ಬಿನಲ್ಲಿ ಕನ್ನಡದವರದ್ದೊಂದು ಪುಟ್ಟ ಕೂಟ. ಭಾವ ಅದರ ಅಧ್ಯಕ್ಷರಾಗಿ ಎರಡು ಅವಧಿ ಮುಗಿಸಿ ಇಳಿದುಬಿಟ್ಟರು. ಬೇರೆ ಯಾರೂ ಮುಂದೆ ಬರಲಿಲ್ಲ. ನೀವೇ ಇರಿ ಸಾರ್ ಅಂತ ಜನ ಗೋಗರೆದರು.

"ಅಮೆರಿಕಾದ ಮೊದಲನೇ ಅಧ್ಯಕ್ಷಗ ಜನ ಇನ್ನೊಮ್ಮೆ ಇರ್ರಿ ಅಂದ್ರೂ, ಸಾಕಪ್ಪಾ ಅಂತ ತನ್ನ ಹೊಲಕ್ಕ ಹೋದಾ. ಆಗ ಕಾನೂನೂ ಇದ್ದಿದ್ದಿಲ್ಲ. ನಾ ಏನ್ ಅವನಕಿಂತ ದೊಡ್ಡಾಂವೇನ್ರಿ?"

ಆ ವರ್ಷದ ಯುಗಾದಿಗೆ ವೇದಿಕೆಯ ಮೇಲೆ ಅಧ್ಯಕ್ಷರ ಖಾಲಿ ಕುರ್ಚಿ, ಅದಕ್ಕೊಂದು ಹೂವಿನ ಹಾರ. ಊರಿಗೆ ಹೊಸದಾಗಿ ಬಂದಿದ್ದ ದಂಪತಿ ಪಾಪ, ಯಾರೋ ಹಿರಿಯರು ತೀರಿಕೊಂಡಿದ್ದಾರೆ ಅಂದುಕೊಂಡು ಚಪ್ಪಲಿ ಬಿಟ್ಟು ತಲೆತಗ್ಗಿಸಿ ನಿಂತು, ಹೋಳಿಗೆ ಊಟವನ್ನೂ ಮಾಡದೆ ಹೊರಟುಹೋದರು.

ಈ ಸಲ ನಾನು ಹೋದ ಬೆಳಗ್ಗೆ ದೋಸೆ. ಒಲೆಯ ಮುಂದೆ ಭಾವ. ಅಕ್ಕನ ಅವಧಿ ಮುಗಿದು ಎಷ್ಟೋ ಕಾಲವಾಗಿದೆಯಂತೆ. ತಲೆಗೆ ಎರಡೇ ದೋಸೆ. ನಾನು ಒಂದು ತಿಂದು ತಟ್ಟೆ ಚಾಚಿದೆ.

"ನಿಂದು ಮುಗೀತು ತಮ್ಮಾ."

"ಒಂದೇ ತಿಂದಿದ್ದು ಭಾವ!"

"ಮಗಳು ಬಿಟ್ಟ ದ್ವಾಸಿ ಯಾರ್ ತಿಂದ್ರು? ಅರ್ಧಕ್ಕಿಂತ ಹೆಚ್ಚಿತ್ತು. ಉಪಾಧ್ಯಕ್ಷ ಆದಾಂವ ಇನ್ನೊಬ್ಬರ ಅವಧಿಯೊಳಗ ಅರ್ಧಕ್ಕಿಂತ ಹೆಚ್ಚು ಕೂತ್ರ, ಆಮ್ಯಾಲೆ ಒಂದ ಸಲ ಅಷ್ಟ ಆರಿಸಿ ಬರಬಹುದು. ಕಾನೂನದೊಳಗ ಬರದದ."

"ಡ್ಯಾಡ್, ಇಟ್ಸ್ ಜಸ್ಟ್ ಎ ದೋಸಾ," ಅಂದಳು ಮಗಳು. ನಾನು ಹೊಟ್ಟೆಯ ಉರಿಗೆ ಕೇಳಿದೆ, "ಮತ್ತೆ ಈ ದೇಶದ ಪ್ರಧಾನಿಗೆ ಯಾಕಿಲ್ಲ ಈ ನಿಯಮ?"

"ಇಲ್ಲೆ ಅವಧಿ ಮುಗಿಯೂದ್ರಾಗ ಅವರ ಪಕ್ಷದವ್ರೇ ಕುರ್ಚಿಯಿಂದ ಎಬ್ಬಿಸಿ ಕಳಸ್ತಾರ. ಕಾನೂನು ಯಾಕ ಬೇಕು?"

ಇಂಥವರ ಹತ್ತಿರ ಅಮ್ಮನ ಮಾತೆತ್ತುವುದು ಹೇಗೆ ಹೇಳಿ! ಮಧ್ಯಾಹ್ನ ಅಮ್ಮ ತಾನೇ ಸೂಟ್‌ಕೇಸನ್ನು ಬಾಗಿಲ ಬಳಿ ತಂದಿಟ್ಟಳು. ಅಕ್ಕ ಅಡುಗೆಮನೆಯಿಂದ ಹೊರಗೇ ಬರಲಿಲ್ಲ.

"ಇದೇನ್ರಿ ಅತ್ತಿ?" ಭಾವ ಕೇಳಿದರು.

"ಎರಡು ಸಲ ಆಯ್ತಲ್ಲ ಅಳಿಯಂದ್ರೇ," ಎಂದು ಅಮ್ಮ ನಗಲು ನೋಡಿದಳು.

ಭಾವ ಹೋಗಿ ಸೂಟ್‌ಕೇಸಿನ ಮೇಲೆಯೇ ಕೂತುಬಿಟ್ಟರು.

"ಒಬ್ಬ ಅಧ್ಯಕ್ಷ ನಾಲ್ಕು ಸಲ ಆರಿಸಿ ಬಂದಿದ್ದ ನೋಡ್ರಿ ಅತ್ತಿ. ಕಷ್ಟಕಾಲ, ಜನಕ್ಕ ಅಂವ ಬೇಕಾಗಿದ್ದ. ನಾಲ್ಕನೇ ಅವಧಿಯೊಳಗ ತೀರಕೊಂಡ. ಎರಡ ಅವಧಿ ಅಂತ ಕಾನೂನು ಬರದದ್ದು ಅಂವ ಹೋದ ಮ್ಯಾಲೆ."

"ಇದನ್ನ ಇಷ್ಟು ವರ್ಷ ಹೇಳಲೇ ಇಲ್ಲವಲ್ಲ ಭಾವ?"

"ಹೇಳಿದ್ರ ಕೂಟದವ್ರು ನನ್ನ ಬಿಡತಿದ್ರೇನೋ?" ಎಂದವರು ಅಮ್ಮನ ಕಡೆ ತಿರುಗಿದರು. "ನಮ್ಮವ್ವನ್ನ ಇಲ್ಲಿಗೆ ಕರಕೊಂಡು ಬರಬೇಕು ಅನ್ನೂದ್ರಾಗ ಹೋಗಿಬಿಟ್ಟಳ್ರಿ. ಅಕಿಗೆ ಒಂದ ಅವಧಿನೂ ಸಿಗಲಿಲ್ಲ. ನೀವಾದ್ರೂ ಇರ್ರಿ."

ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. ಆಮೇಲೆ ಮೆಲ್ಲಗೆ ಅಂದಳು, "ಸ್ವಲ್ಪ ಏಳಿ ಅಳಿಯಂದ್ರೇ. ಬಟ್ಟೆ ತೆಗೀಬೇಕು."