ಸತ್ತ ಕಂಪನಿಯ ಚರ್ಮ

ನಿವೃತ್ತಿಯಾದ ಮೇಲೆ ಬರುವ ಕಾಯಿಲೆಗಳಲ್ಲಿ ಸಕ್ಕರೆಗೂ ಬಿ.ಪಿ.ಗೂ ಮಾತ್ರೆಯಿದೆ, ಇನ್ನೊಬ್ಬರ ದುಡ್ಡನ್ನು ನಾನು ಬೆಳೆಸಿಕೊಡಬಲ್ಲೆ ಎಂಬ ಭ್ರಮೆಗೆ ಮಾತ್ರ ಯಾರೂ ಇನ್ನೂ ಔಷಧಿ ಕಂಡುಹಿಡಿದಿಲ್ಲ. ಮಧುಗಿರಿಯ ಕಾಲೇಜಿನಲ್ಲಿ ವಾಣಿಜ್ಯಶಾಸ್ತ್ರದ ಪಾಠ ಮುಗಿಸಿ ಮನೆ ಸೇರಿದ ನನಗೆ ಅದು ಮೊಬೈಲಿನಿಂದ ಅಂಟಿತು. ಮೊದಲ ವೆಂಚರ್ ಕ್ಯಾಪಿಟಲ್ ಫಂಡ್ ಕಟ್ಟುವುದು ಹೇಗೆಂದು ಹೇಳಿಕೊಡುವ ಆನ್‌ಲೈನ್ ಕೋರ್ಸಿಗೆ ಸೇರಿಬಿಟ್ಟೆ. ಪಾಠ ಹೇಳುತ್ತಿದ್ದವನಿಗೆ ನನ್ನ ಶಿಷ್ಯರ ವಯಸ್ಸು. ನಾಲ್ಕು ಜನರಿಂದ ಹಣ ಎತ್ತಿ ಹೊಸ ಕಂಪನಿಗಳಿಗೆ ಹಾಕಬೇಕು, ಅವುಗಳಲ್ಲಿ ಹೆಚ್ಚಿನವು ಸಾಯುತ್ತವೆ, ಅದಕ್ಕೆಲ್ಲ ಹೆದರಬಾರದು ಎಂದು ಅವನು ನಗುನಗುತ್ತ ಹೇಳಿದ. ನಾನೂ ನಗುನಗುತ್ತ ಕೇಳಿದೆ. ನನ್ನ ಹೆಂಡತಿ ಶಾರದಾ ನಗಲಿಲ್ಲ. ಸೊಪ್ಪಿನವಳ ಹತ್ತಿರ ಚೌಕಾಸಿ ಮಾಡಲು ಬಾರದವರು ಕಂಪನಿಗಳ ಬೆಲೆ ಕಟ್ಟಲು ಹೊರಟಿದ್ದಾರೆ ಎಂದು ಅಡುಗೆಮನೆಯ ಪಾತ್ರೆಗಳಿಗೆ ಹೇಳುತ್ತಿದ್ದಳು. ಪಾತ್ರೆಗಳೂ ಅವಳ ಪಕ್ಷವೇ.

ನನ್ನನ್ನು ನಂಬಿ ಹಣ ಹಾಕಿದವರು ಇಬ್ಬರು. ಒಬ್ಬರು ಸಿರಾದಲ್ಲಿ ಕಬ್ಬಿಣದ ಅಂಗಡಿಯಿರುವ ಇಬ್ರಾಹಿಂ ಸಾಬರು, ನನ್ನ ಹಳೆಯ ಸ್ನೇಹಿತರು. ಇನ್ನೊಬ್ಬರು ಪಾವಗಡದ ಕಡೆಯ ನರಸಿಂಹಪ್ಪ; ಸೋಲಾರಿಗೆ ಜಮೀನು ಗುತ್ತಿಗೆ ಕೊಟ್ಟು ಬಿಸಿಲಿನಿಂದಲೂ ಬಾಡಿಗೆ ಎತ್ತುವವರು. ಇಬ್ಬರೂ ಹಳ್ಳಿಯವರಿಗೆ ಪಾಲಿಗೆ ಕುರಿ ಬಿಟ್ಟು ಪಳಗಿದವರು: ಕುರಿ ಇವರದು, ಮೇಯಿಸುವ ಕಷ್ಟ ಕಾಯುವವನದು, ಹುಟ್ಟಿದ ಮರಿಗಳಲ್ಲಿ ಸಮಪಾಲು. ಹಾಗಾಗಿ ನಾನು ಕೋರ್ಸು ಮಾಡಿ ಕಲಿತ ಫಂಡು ಅವರಿಗೆ ಒಂದು ಲೋಟ ಟೀ ಮುಗಿಯುವುದರೊಳಗೆ ತಿಳಿಯಿತು. ತಿಳಿಯದೆ ಉಳಿದದ್ದು, ಲಾಭದ ಪಾಲಿನ ಜೊತೆಗೆ ನನಗೆ ವರ್ಷವರ್ಷ ನಿರ್ವಹಣಾ ಶುಲ್ಕ ಯಾಕೆ ಎಂಬುದು. “ಏಮಿ ಸಾರ್, ಕಾಯಾಕೂ ಕೂಲಿ, ಮರೀಲೂ ಪಾಲಾ?” ಎಂದರು ನರಸಿಂಹಪ್ಪ. ಶುಲ್ಕ ಬಿಟ್ಟುಕೊಟ್ಟೆ. ಅರ್ಧ ಹಣ ಆಗಲೇ ಬಂತು. ಉಳಿದರ್ಧ ನಾನು ಕೇಳಿದಾಗ ಕೊಡುವುದೆಂದು ಮಾತಾಯಿತು.

ಬಂದ ಹಣವನ್ನು ಎರಡು ಕಂಪನಿಗೆ ಹಾಕಿದೆ. ಒಂದು ದೊಡ್ಡೇರಿ ಕಡೆಯ ಮಂಜುನಾಥನದು, ಮೊಬೈಲಿನಲ್ಲೇ ಕುರಿ ಮಾರುವ ಆ್ಯಪ್. ಇನ್ನೊಂದು ಕೊರಟಗೆರೆಯ ಶಶಿಕಲಾಳದು. ಹುಣಸೆಹಣ್ಣಿನ ಬೀಜ ಬಿಡಿಸಿ, ರಸ ತೆಗೆದು ಬಾಟಲಿಗೆ ತುಂಬುವ ಕೆಲಸ. ನನ್ನ ಪ್ರೀತಿಯೆಲ್ಲ ಆ್ಯಪಿನ ಮೇಲೆ. ಮಂಜುನಾಥ ಕುರಿಯ ಕಿವಿಗೆ ಹಾಕಲು ನಂಬರಿನ ಪ್ಲಾಸ್ಟಿಕ್ ಓಲೆಗಳನ್ನು ಮೂಟೆಗಟ್ಟಲೆ ಮಾಡಿಸಿದ್ದ. ಅದನ್ನು ನೋಡಿಯೇ ನನಗೆ ಅರ್ಧ ಲಾಭ ಬಂದಂತಾಗಿತ್ತು. ಆದರೆ ಬೆನ್ನು ಅದುಮಿ ನೋಡದೆ ಕುರಿ ಕೊಳ್ಳುವ ಗಂಡಸು ನಮ್ಮ ಸೀಮೆಯಲ್ಲಿ ಹುಟ್ಟಿಲ್ಲ. ಜನ ಆ್ಯಪಿನಲ್ಲಿ ಫೋಟೋ ನೋಡಿದರು, ಊರು ಕೇಳಿಕೊಂಡು ಹಟ್ಟಿಗೆ ಹೋದರು, ಬೆನ್ನು ಅದುಮಿದರು, ಟವೆಲಿನ ಮರೆಯಲ್ಲಿ ಬೆರಳು ಹಿಡಿದು ವ್ಯಾಪಾರ ಮುಗಿಸಿದರು. ಟವೆಲಿನೊಳಗೆ ಕಂಪನಿಯ ಕಮಿಷನ್ನಿಗೆ ಜಾಗವಿರಲಿಲ್ಲ. ವರ್ಷ ತುಂಬುವ ಮೊದಲೇ ಮಂಜುನಾಥ ಬಾಗಿಲು ಹಾಕಿದ.

ಅದೇ ಹೊತ್ತಿಗೆ ಶಶಿಕಲಾ ಬೀಜ ಬಿಡಿಸಲು ಮುಂಗಡ ಕೊಟ್ಟಿದ್ದ ಯಂತ್ರಕ್ಕೆ ಉಳಿದ ಹಣ ಕಟ್ಟಬೇಕಿತ್ತು. ಹುಣಸೆಯ ಸುಗ್ಗಿಗೆ ಮೊದಲು ಯಂತ್ರ ಬರದಿದ್ದರೆ ಅವಳ ವರ್ಷವೇ ಹೋಯಿತು, ಜೊತೆಗೆ ನನ್ನ ಫಂಡೂ ಹೋಯಿತು. ಎರಡನೆಯ ಕಂತು ಕೇಳಲು ಸಿರಾಕ್ಕೆ ಹೋದೆ. ನರಸಿಂಹಪ್ಪನವರೂ ಬಂದಿದ್ದರು. ಒಂದು ಕಂಪನಿ ಸತ್ತದ್ದನ್ನು ಕೋರ್ಸಿನ ಧಾಟಿಯಲ್ಲಿ, ಇದೆಲ್ಲ ಸಹಜ ಎಂಬಂತೆ ವಿವರಿಸಿದೆ. ಸಾಬರು ಪೂರ್ತಿ ಕೇಳಿಸಿಕೊಂಡು, “ಸರಿ ಮೇಷ್ಟ್ರೇ. ಚರ್ಮ ಎಲ್ಲಿ?” ಎಂದರು.

ಪಾಲಿನ ಕುರಿ ಸತ್ತರೆ ಕಾಯುವವನು ಅದರ ಚರ್ಮವನ್ನೂ ಕಿವಿಯನ್ನೂ ತಂದು ಒಡೆಯನಿಗೆ ತೋರಿಸಬೇಕು. ಇಲ್ಲದಿದ್ದರೆ ಕುರಿ ಸತ್ತಿಲ್ಲ, ಸಂತೆಗೆ ಹೋಗಿದೆ ಎಂದೇ ಲೆಕ್ಕ. ನನಗೆ ಮೈಯೆಲ್ಲ ಉರಿಯಿತು. ಇಷ್ಟು ವರ್ಷದ ಸ್ನೇಹದಲ್ಲಿ ನನ್ನನ್ನು ಕಳ್ಳನೆಂದುಕೊಂಡರಲ್ಲ! ಹಟ ಹಿಡಿದು ಮಾರನೆಯ ದಿನವೇ ಮಂಜುನಾಥನ ಆಫೀಸಿನ ಬೋರ್ಡು, ಕೆಟ್ಟ ಪ್ರಿಂಟರು, ಓಲೆಯ ಮೂಟೆ ಎಲ್ಲವನ್ನೂ ಆಟೋದಲ್ಲಿ ಹೇರಿಕೊಂಡು ಹೋಗಿ ಸಾಬರ ಅಂಗಡಿಯ ಮುಂದೆ ಸುರಿದೆ. ಒಂದು ಕಂಪನಿ ಹೀಗೆ ನೆಲದ ಮೇಲೆ ಬಿದ್ದದ್ದನ್ನು ನಾನು ಯಾವ ಪಠ್ಯಪುಸ್ತಕದಲ್ಲೂ ನೋಡಿರಲಿಲ್ಲ. ಸಾಬರೂ, ಆ ರಾತ್ರಿ ಸಿರಾದಲ್ಲೇ ಉಳಿದಿದ್ದ ನರಸಿಂಹಪ್ಪನವರೂ ಕುಕ್ಕರಗಾಲಿನಲ್ಲಿ ಕೂತು ಓಲೆಗಳನ್ನು ಹಿಡಿಹಿಡಿಯಾಗಿ ಎತ್ತಿ ನೋಡಿದರು. ನಿಜವಾದ ಕುರಿಯ ಕಿವಿಯನ್ನೂ ಅಷ್ಟು ಗೌರವದಿಂದ ನೋಡುತ್ತಾರೋ ಇಲ್ಲವೋ.

“ಸತ್ತಿರಾದು ದಿಟ,” ಎಂದರು ಸಾಬರು. “ನಿಮ್ ಮ್ಯಾಲೆ ಶಕ್ ಇಲ್ಲ ಮೇಷ್ಟ್ರೇ. ಆದ್ರೆ ಕದಿಯೋನ್ನ ಗದರಿಸಿ ದಾರಿಗ್ ತರಬೋದು. ಕಾಯಾಕೇ ಬರ್ದೋರ್ನ ಏನ್ ಮಾಡಾದು? ಇನ್ ಮ್ಯಾಲೆ ನಮ್ ಕುರಿ ನಾವೇ ನೋಡ್ಕಂತೀವಿ ಬುಡಿ.”

ಬೈಗುಳವಾಗಿದ್ದರೆ ತಿರುಗಿ ಬೈಯಬಹುದಿತ್ತು. ಅವರು ಬೇಸರದಿಂದ, ನನ್ನ ಒಳ್ಳೆಯದಕ್ಕೇ ಎಂಬಂತೆ ಹೇಳಿದರು. ಮೇಲೆ ಟೀ ತರಿಸಿದರು. ವಾಪಸು ಬರುವಾಗ ಬಸ್ಸು ಬಡವನಹಳ್ಳಿ ದಾಟುವವರೆಗೂ ಯಾರ ಮೇಲೆ ಸಿಟ್ಟು ಮಾಡಿಕೊಳ್ಳಲಿ ಎಂದು ಯೋಚಿಸಿದೆ. ಆಮೇಲೆ ಅವಮಾನವೇ ಆಯಿತು, ಸಿಟ್ಟಿಗೆ ಜಾಗ ಉಳಿಯಲಿಲ್ಲ.

ಸುಗ್ಗಿಗೆ ಮೊದಲು ಶಶಿಕಲಾ ಫೋನ್ ಮಾಡಿದಳು. ಸಾಬರೂ ನರಸಿಂಹಪ್ಪನವರೂ ನೇರವಾಗಿ ಅವಳಿಗೇ ಹಣ ಕೊಟ್ಟಿದ್ದರಂತೆ, ಪಾಲಿನ ಲೆಕ್ಕದಲ್ಲೇ. ಯಂತ್ರ ಬಂದಿದೆ, ಪೂಜೆಗೆ ನಾನು ಬರಲೇಬೇಕಂತೆ. ಹೋಗದಿದ್ದರೆ ಹೊಟ್ಟೆಕಿಚ್ಚು ಅನ್ನುತ್ತಾರೆಂದು ಹೋದೆ. ಹೊಟ್ಟೆಕಿಚ್ಚನ್ನೂ ಜೊತೆಗೆ ಕರೆದುಕೊಂಡೇ ಹೋದೆ. ಯಂತ್ರ ಚೆನ್ನಾಗಿ ಓಡುತ್ತಿತ್ತು. ಅಲ್ಲಿಗೆ ಬಂದಿದ್ದ ಕಲ್ಯಾಣಮಂಟಪದ ಮಾಲೀಕರೊಬ್ಬರು ನನ್ನನ್ನು ಪಕ್ಕಕ್ಕೆ ಕರೆದು, ಒಂದಿಷ್ಟು ಹಣವಿದೆ, ನಿಮ್ಮ ಫಂಡಿಗೆ ಹಾಕಬಹುದೇ ಎಂದು ಕೇಳಿದರು. ನನಗೆ ಹೋದ ಜೀವ ಬಂದಂತಾಯಿತು. ಅವರು ಅಷ್ಟರಲ್ಲಿ ಹತ್ತಿರ ಬಂದ ಸಾಬರತ್ತ ತಿರುಗಿ, ಮೇಷ್ಟ್ರು ಹೇಗೆ ಎಂದು ವಿಚಾರಿಸಿದರು. ಸಾಬರು ನನ್ನ ಭುಜದ ಮೇಲೆ ಕೈಯಿಟ್ಟು, “ಬಾಳ ಒಳ್ಳೇರು. ಒಂದು ಪೈಸೆ ಮುಟ್ಟೋರಲ್ಲ,” ಎಂದರು.

ಹಣ ಬೆಳೆಸುವುದರಲ್ಲಿ ಹೇಗೆ ಎಂದು ಮಾಲೀಕರು ಮತ್ತೆ ಕೇಳಿದರು. ಎಲೆ ಹಾಕಿದ್ದಾರೆ, ಮೊದಲು ಊಟ ಮಾಡಿ ಎಂದರು ಸಾಬರು. ಮಾಲೀಕರು ನನಗೆ ಕೈಮುಗಿದು ಊಟಕ್ಕೆ ನಡೆದರು. ಹಣದ ಮಾತು ಮತ್ತೆ ಎತ್ತಲಿಲ್ಲ. ಎಲೆಯ ಮುಂದೆ ಕೂತಾಗ ಜೀವನದಲ್ಲಿ ಮೊದಲ ಬಾರಿಗೆ ನನಗೆ, ಸ್ವಲ್ಪವಾದರೂ ಕದ್ದಿದ್ದರೆ ಚೆನ್ನಾಗಿತ್ತೇನೋ ಅನ್ನಿಸಿತು.