ಮಂಜಿನ ವಿಮಾನಕ್ಕೆ ನಾನು ಹಿಡಿದ ಕ್ಯಾಮೆರಾ

ದೇವನಹಳ್ಳಿ ಆಚೆ, ವಿಮಾನದ ಬಿಡಿಭಾಗ ತಯಾರಿಸುವ ಕಾರ್ಖಾನೆಯೊಂದರ ಗೇಟಿನಲ್ಲಿ ನಾನು ಸೆಕ್ಯುರಿಟಿ. ಕ್ಯಾಮೆರಾ ಇರುವ ಫೋನು ಒಳಗೆ ಹೋಗದಂತೆ ತಡೆಯುವುದು ನನ್ನ ಕೆಲಸ. ಈ ವಿಷಯದಲ್ಲಿ ನನ್ನಷ್ಟು ಕಟ್ಟುನಿಟ್ಟಿನವರು ಜಿಲ್ಲೆಯಲ್ಲೇ ಇಲ್ಲವೆಂದು ನನಗೆ ನಾನೇ ಪ್ರಮಾಣಪತ್ರ ಕೊಟ್ಟುಕೊಂಡಿದ್ದೆ. ಒಮ್ಮೆ ಮ್ಯಾನೇಜರ್ ಸಾಹೇಬರ ಫೋನನ್ನೇ ಇಸಿದುಕೊಂಡು ಟೋಕನ್ ಕೊಟ್ಟಿದ್ದೆ.

"ಏನಮ್ಮಾ ಜಯಮ್ಮ, ನಾನ್ಯಾರು ಗೊತ್ತಾ?"

"ಗೊತ್ತು ಸಾರ್. ಹದಿನೇಳನೇ ನಂಬರು!"

ಗಾರ್ಡುಗಳಿಗೆ ಮಾತ್ರ ಫೋನು ಇಟ್ಟುಕೊಳ್ಳುವ ಅನುಮತಿಯಿತ್ತು. ನಮ್ಮ ಮೇಲೆ ಅಷ್ಟು ನಂಬಿಕೆ.

ಅದೊಂದು ಮಾಗಿಯ ಬೆಳಿಗ್ಗೆ. ಹಿಂದಿನ ಅಂಗಳದಲ್ಲಿ ಒಂದು ಸುತ್ತು ಹಾಕುತ್ತಿದ್ದೆ. ಕಾಂಪೌಂಡು, ಶೆಡ್ಡು, ನನ್ನ ಬೂಟು, ಎಲ್ಲವೂ ಮಂಜಿನಲ್ಲಿ ಕರಗಿಹೋಗಿದ್ದವು. ಆ ಬಿಳುಪಿನೊಳಗಿಂದ, ಸದ್ದಿಗಿಂತ ಮೊದಲೇ, ಒಂದು ವಿಮಾನ ಮೇಲೆದ್ದಿತು. ಅದರ ದೀಪ ಹಾಲಿಗೆ ಬಿದ್ದ ಕೇಸರಿಯಂತೆ ಮೆಲ್ಲಗೆ ಹರಡಿಕೊಂಡಿತು. ನಾನು ನಿಂತಿದ್ದೇನೋ, ತೇಲುತ್ತಿದ್ದೇನೋ ತಿಳಿಯಲಿಲ್ಲ. ಊರಲ್ಲಿ ದ್ರಾಕ್ಷಿ ತೋಟ ನೋಡಿಕೊಳ್ಳುವ ನನ್ನ ಗಂಡನಿಗೂ ಇದನ್ನು ತೋರಿಸಬೇಕೆನಿಸಿತು. ಕೈ ತಾನಾಗಿಯೇ ಫೋನು ತೆಗೆಯಿತು. ಕ್ಲಿಕ್! ಕಳಿಸಿಯೂ ಬಿಟ್ಟೆ.

ಮಂಜು ಸರಿದಾಗ ನೋಡಿದರೆ, ಹೊರಗಿನವರ ಕಣ್ಣಿಗೆ ಬೀಳಲೇಬಾರದ ಹೊಸ ಯಂತ್ರ ನನ್ನೆದುರಿಗೇ ನಿಂತಿತ್ತು!

ಗಂಡನಿಗೆ ಫೋನು ಮಾಡಿದೆ. "ರೀ, ಆ ಫೋಟೋ ಅಳಿಸಿಬಿಡ್ರಿ!"

"ಯಾಕೇ? ಆಗ್ಲೇ ನೆಂಟರ ಗ್ರೂಪಿಗೆ ಹಾಕ್ಬಿಟ್ಟೆ ಕಣೆ. ಸಮೇತನಹಳ್ಳಿ ಭಾವ ಕೇಳ್ತಾವ್ರೆ, ಕೆಂಪಗೆ ಗುಂಡಗೆ ಅಷ್ಟು ದಪ್ಪ ಐತಲ್ಲ, ಅದು ಬಾಂಬಾ ಅಂತ."

ಆ ಗ್ರೂಪಿನಲ್ಲಿ ನಮ್ಮ ಕ್ಯಾಂಟೀನಿನ ಅಡುಗೆಯವನೂ ಇದ್ದ. ದೂರದ ನೆಂಟ. ತಿಂಡಿ ಹೊತ್ತಿಗೆ "ಜಯಮ್ಮ ಬಾಂಬಿನ ಫೋಟೋ ಹೊಡೆದವ್ಳೆ" ಎಂಬ ಸುದ್ದಿ ಇಡ್ಲಿಗಿಂತ ಬಿಸಿಯಾಗಿ ಎಲ್ಲ ಟೇಬಲ್ಲಿಗೂ ಬಡಿಸಲ್ಪಟ್ಟಿತ್ತು.

ಸಾಹೇಬರು ಕರೆಸಿದರು. ಕೆಲಸ ಹೋಯಿತೆಂದುಕೊಂಡು, ಟೋಪಿಯನ್ನು ಮೊದಲೇ ಕೈಯಲ್ಲಿ ಹಿಡಿದುಕೊಂಡು ನಿಂತೆ. ಅವರು ಫೋಟೋವನ್ನು ದೊಡ್ಡದು ಮಾಡಿ ಬಹಳ ಹೊತ್ತು ನೋಡಿದರು.

"ಜಯಮ್ಮ, ಬಲಗೈ ತೋರ್ಸಿ."

ತೋರಿಸಿದೆ. ಫೋಟೋ ನೋಡಿದರು, ಕೈ ನೋಡಿದರು, ಮತ್ತೆ ಫೋಟೋ ನೋಡಿದರು.

"ಇದು ನಿಮ್ಮ ಹೆಬ್ಬೆರಳು ಕಣಮ್ಮಾ!"

ಫೋಟೋದಲ್ಲಿ ಯಂತ್ರ ಬಿದ್ದಿರಲಿಲ್ಲ. ಶೆಡ್ಡೂ ಬಿದ್ದಿರಲಿಲ್ಲ. ನನ್ನನ್ನು ನೆಲದಿಂದ ಎತ್ತಿಕೊಂಡು ಹೋದ ಆ ವಿಮಾನಕ್ಕಾಗಿ ನಾನೂ ಬಗ್ಗಿ ಹುಡುಕಿದೆ. ಅದೂ ಇರಲಿಲ್ಲ.

"ನಿಮ್ಮಿಂದ ಕಂಪನಿ ಗುಟ್ಟು ಹೊರಗೆ ಹೋಗೋ ಭಯವೇನಿಲ್ಲ. ಆದ್ರೂ ರೂಲ್ಸು ರೂಲ್ಸೇ. ನಿಮ್ಮ ಕ್ಯಾಮೆರಾಗೆ ನೀವೇ ಸೀಲು ಅಂಟಿಸಿ" ಎಂದು ಒಂದು ಸ್ಟಿಕ್ಕರು ಕೊಟ್ಟರು.

ಕೆಲಸ ಉಳಿದ ಸಂತೋಷಕ್ಕೆ ಕಣ್ಣು ಮಂಜಾಯಿತು. ಇನ್ನು ಮುಂದೆ ನನ್ನಿಂದ ಲೋಪವಾಗದೆಂದು ಮನಸ್ಸಿನಲ್ಲೇ ಶಪಥ ಮಾಡಿ, ಸ್ಟಿಕ್ಕರನ್ನು ಒತ್ತಿ ಒತ್ತಿ ಅಂಟಿಸಿ, ಸಲ್ಯೂಟ್ ಹೊಡೆದು ಫೋನು ಮುಂದೆ ಹಿಡಿದೆ.

ಸಾಹೇಬರು ಕನ್ನಡಕ ಸರಿಮಾಡಿಕೊಂಡು ನೋಡಿದರು. ಆಮೇಲೆ ಮೆಲ್ಲಗೆ ಹೇಳಿದರು:

"ಜಯಮ್ಮ, ಇದು ಟಾರ್ಚು."